ಅರವತ್ತು ದಾಟಿದ ಟ್ರಾನ್ಸ್ ಮಹಿಳೆ, ಕೊಡಗಿನಲ್ಲೇ ಇದ್ದುಕೊಂಡು: ಯಾವುದು ಮೊದಲು, ಯಾವುದು ಆಮೇಲೆ?

ಬಾಣೆಬದಿ, ಮಡಿಕೇರಿ:
ಕನ್ನಡದಲ್ಲಿ ಈ ವಿಷಯ ಹುಡುಕಿದರೆ ಸಿಗುವುದೆಲ್ಲ ಇಪ್ಪತ್ತು ಇಪ್ಪತ್ತೈದರ ವಯಸ್ಸಿನವರಿಗೆ, ಅದೂ ಬೆಂಗಳೂರಿನಲ್ಲಿ ಇರುವವರಿಗೆ ಬರೆದದ್ದು. ಅರವತ್ತು ದಾಟಿ, ಪಿಂಚಣಿ ಬರುತ್ತಿದ್ದು, ಮನೆಯಲ್ಲಿ ಹೆಂಡತಿ, ಮಕ್ಕಳು, ಮೊಮ್ಮಕ್ಕಳು ಇದ್ದು, "ನಾನು ಹೆಣ್ಣು" ಎಂದು ಈಗ ತನಗೆ ತಾನೇ ಒಪ್ಪಿಕೊಳ್ಳುತ್ತಿರುವವರ ದಾರಿ ಬೇರೆ. ಅವರಿಗೆ ಬಿಪಿ ಮಾತ್ರೆ ಇದೆ, ಪಹಣಿ ಇದೆ, ಒಕ್ಕದ (ಕೊಡವ ಕುಲದ) ಹಿರಿಯರಾದ ಪಟ್ಟೆದಾರರಿದ್ದಾರೆ. ಊರು ಬಿಡುವ ಮನಸ್ಸಿಲ್ಲ, ಬಿಡುವ ಅಗತ್ಯವೂ ಬರಬಾರದು. ಮನಸ್ಸು, ಮನೆ, ಔಷಧಿ, ಕಾಗದಪತ್ರ ಈ ನಾಲ್ಕರಲ್ಲಿ ಯಾವುದನ್ನು ಯಾವಾಗ ಮುಟ್ಟಬೇಕು, ಜನ ಎಲ್ಲಿ ಎಡವುತ್ತಾರೆ ಅನ್ನುವುದನ್ನು ಕೆಲಸ ಬಲ್ಲವರು ಬರೆಯಿರಿ.

ಒಂದೇ ವಿನಂತಿ. ಯಾರ ಗುರುತೂ ಸಿಗುವಂಥ ವಿವರ ಹಾಕಬೇಡಿ. ಕೊಡಗು ಚಿಕ್ಕ ಜಿಲ್ಲೆ. ಊರು, ರೆಜಿಮೆಂಟು, ಮಕ್ಕಳೆಷ್ಟು ಅಂದರೆ ಸಾಕು, ಮುಂದಿನ ಸಂತೆಯೊಳಗೆ ಹೆಸರು ಸಿಕ್ಕಿಬಿಡುತ್ತದೆ.

ಮಾತುಜಗಲಿ, ಆಪ್ತಸಮಾಲೋಚಕಿ:
ಮನಸ್ಸಿನಿಂದಲೇ ಶುರುಮಾಡುತ್ತೇನೆ. ಒಪ್ಪಿಕೊಳ್ಳುವುದು ಬೇರೆ, ಹೇಳಿಕೊಳ್ಳುವುದು ಬೇರೆ. ಇವೆರಡನ್ನು ಒಂದೇ ಗಂಟಿಗೆ ಕಟ್ಟಿಕೊಂಡವರು ಎರಡನ್ನೂ ಮಾಡಲಾಗದೆ ಕುಸಿಯುತ್ತಾರೆ. ಎರಡರ ನಡುವೆ ಒಂದು ವರ್ಷ ಇದ್ದರೂ ತಪ್ಪಿಲ್ಲ.

ಈ ವಯಸ್ಸಿನವರಲ್ಲಿ ಪದೇ ಪದೇ ಕಾಣುವ ಒಂದು ಸುತ್ತು ಇದೆ. ಗುಟ್ಟಾಗಿ ಸೀರೆ, ಬಳೆ ಕೊಳ್ಳುವುದು, ಟ್ರಂಕಿನ ತಳದಲ್ಲಿ ಇಡುವುದು, ಒಂದು ದಿನ ಅಸಹ್ಯಪಟ್ಟುಕೊಂಡು ಒಲೆಗೆ ಹಾಕುವುದು, "ಇನ್ನು ಮುಗಿಯಿತು" ಎಂದು ಆಣೆ ಮಾಡುವುದು, ಕೆಲವು ತಿಂಗಳಲ್ಲಿ ಮತ್ತೆ ಕೊಳ್ಳುವುದು. ಇದನ್ನು ಚಟ ಎಂದುಕೊಂಡೇ ಎಷ್ಟೋ ಜನ ದಶಕಗಳನ್ನು ಕಳೆದಿರುತ್ತಾರೆ. ಈ ಸುತ್ತು ಎಷ್ಟು ಸಲ ಬಂದಿದೆ, ಯಾವ ವಯಸ್ಸಿನಲ್ಲಿ, ಆಗ ಮನೆಯಲ್ಲಿ ಏನು ನಡೆದಿತ್ತು ಎಂದು ದಿನಕ್ಕೆ ಹದಿನೈದು ನಿಮಿಷ ಕೂತು ಬರೆಯಿರಿ. ಎರಡು ವಾರದಲ್ಲಿ ಒಂದು ಚಿತ್ರ ಸಿಗುತ್ತದೆ. ಬರೆಯುವಾಗ ಒಂದು ಪ್ರಶ್ನೆ ಇಟ್ಟುಕೊಳ್ಳಿ: ಯಾರೂ ನೋಡದಿದ್ದರೂ, ಯಾವ ಉಡುಗೆಯೂ ಇಲ್ಲದಿದ್ದರೂ, ನಾನು ಹೆಣ್ಣಾಗಿಯೇ ಇರಲು ಬಯಸುತ್ತೇನೆಯೇ? ಉಡುಗೆಯ ಆಸೆಯನ್ನೂ ಒಳಗಿನ ಗುರುತನ್ನೂ ಬಿಡಿಸಿ ನೋಡಲು ಇದು ನೆರವಾಗುತ್ತದೆ. ಉತ್ತರ ಎರಡರಲ್ಲಿ ಯಾವುದಾದರೂ ನಾಚಿಕೆಪಡುವಂಥದ್ದಲ್ಲ. ಮುಂದಿನ ಹೆಜ್ಜೆ ಮಾತ್ರ ಬೇರೆಯಾಗುತ್ತದೆ.

"ಇಷ್ಟು ವರ್ಷ ಗೊತ್ತಾಗದ್ದು ಈಗ ಹೇಗೆ ಗೊತ್ತಾಯಿತು" ಎಂಬ ಅನುಮಾನ ಎಲ್ಲರನ್ನೂ ಕಾಡುತ್ತದೆ. ಗೊತ್ತಿರಲಿಲ್ಲ ಎನ್ನುವುದಕ್ಕಿಂತ, ಗೊತ್ತಿದ್ದುದಕ್ಕೆ ಪದ ಇರಲಿಲ್ಲ ಎನ್ನುವುದು ಸರಿ. ಸುಪ್ರೀಂ ಕೋರ್ಟ್ ತನ್ನ ನಾಲ್ಸಾ ತೀರ್ಪಿನಲ್ಲಿ ಲಿಂಗ ಗುರುತನ್ನು ಆಯಾ ವ್ಯಕ್ತಿಯೇ ಹೇಳಿಕೊಳ್ಳಬಹುದು ಎಂದದ್ದು 2014ರ ಏಪ್ರಿಲ್ 15ರಂದು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಹನ್ನೊಂದನೇ ಆವೃತ್ತಿ, ಒಳಗಿನ ಲಿಂಗ ಗುರುತು ಹುಟ್ಟಿನ ಲಿಂಗಕ್ಕೆ ಹೊಂದದಿರುವುದನ್ನು ಮನೋರೋಗಗಳ ಅಧ್ಯಾಯದಿಂದ ಹೊರಗಿಟ್ಟಿದೆ. ಆ ಆವೃತ್ತಿ ಜಾರಿಗೆ ಬಂದದ್ದು 2022ರ ಜನವರಿಯಲ್ಲಿ. 1975ರಲ್ಲಿ ಹದಿನೈದರ ಹುಡುಗನೆಂದು ಬೆಳೆದವರಿಗೆ ಇದನ್ನೆಲ್ಲ ಯಾರು ಹೇಳಬೇಕಿತ್ತು?

ಹೋದ ವರ್ಷಗಳಿಗಾಗಿ ದುಃಖ ಬರುತ್ತದೆ. ಒಪ್ಪಿಕೊಂಡ ಮೊದಲ ಖುಷಿಯ ನಂತರ, ಎರಡು ಮೂರು ತಿಂಗಳಾದ ಮೇಲೆ ಬರುವುದೇ ಹೆಚ್ಚು. ಆಗ "ತಪ್ಪು ನಿರ್ಧಾರ" ಎಂದುಕೊಂಡು ಮತ್ತೆ ಒಲೆಗೆ ಹಾಕುವವರಿದ್ದಾರೆ. ಅದು ಶೋಕ, ಅದಕ್ಕೆ ಅದರ ಕಾಲ ಕೊಡಬೇಕು. ಸಂಜೆಯ ರಮ್ಮಿನ ಪ್ರಮಾಣ ಏರುತ್ತಿದೆಯಾ ಅನ್ನುವುದನ್ನು ಈ ಹಂತದಲ್ಲಿ ಮುಚ್ಚುಮರೆ ಇಲ್ಲದೆ ನೋಡಿಕೊಳ್ಳಿ. ಆಪ್ತಸಮಾಲೋಚಕರಿಗೂ ಆ ಲೆಕ್ಕ ಹೇಳಿ.

ಯಾರಾದರೂ "ಇದನ್ನು ವಾಸಿಮಾಡುತ್ತೇನೆ" ಎಂದರೆ ಎದ್ದು ಬನ್ನಿ. ಅಂಥ ಪರಿವರ್ತನಾ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ವೃತ್ತಿ ದುರ್ನಡತೆ ಎಂದಿದೆ.

ಕಕ್ಕಡಮಳೆ, ಪೊನ್ನಂಪೇಟೆ:
ನಮ್ಮ ಕಡೆ ಕುಂಡೆ ಹಬ್ಬದಲ್ಲಿ ಗಂಡಸರು ಸೀರೆ ಉಟ್ಟು ಕುಣಿಯುವುದು ಎಲ್ಲರಿಗೂ ಗೊತ್ತು. ಮನೆಯವರಿಗೆ ವಿವರಿಸುವಾಗ ಅದನ್ನು ಉದಾಹರಣೆ ಕೊಟ್ಟರೆ ಸುಲಭ ಆಗಲ್ವಾ?

ಮಾತುಜಗಲಿ, ಆಪ್ತಸಮಾಲೋಚಕಿ:
ಬೇಡ. ದೇವರಪುರದ ಹಬ್ಬದಲ್ಲಿ ಜೇನುಕುರುಬರು, ಯರವರು ತೊಡುವ ವೇಷ ಹರಕೆಯದ್ದು. ಬೈಗುಳವೂ ಹರಕೆಯ ಭಾಗ. ಸಂಜೆಗೆ ವೇಷ ಕಳಚುತ್ತಾರೆ. ಆ ಹೋಲಿಕೆ ಕೊಟ್ಟರೆ ಮನೆಯವರ ತಲೆಯಲ್ಲಿ "ಇದೂ ಕಳಚುವ ವೇಷ" ಎಂಬುದೇ ಕೂರುತ್ತದೆ. ಹಿರಿಯರಿಗೆ ಹೇಳಲು ಟ್ರಾನ್ಸ್ ಮಹಿಳೆ ಮಂಜಮ್ಮ ಜೋಗತಿಯವರ ಹೆಸರು ಹೆಚ್ಚು ಉಪಯುಕ್ತ. ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದವರು, 2021ರ ಪದ್ಮಶ್ರೀ. ಅವರ ಚಿತ್ರವನ್ನು ಪತ್ರಿಕೆಯಲ್ಲಿ ನೋಡದ ಮನೆ ಕಡಿಮೆ. ಆದರೆ ಜೋಗತಿ ಪರಂಪರೆಯ ದಾರಿ ಬೇರೆ, ಸಂಸಾರದೊಳಗೇ ಇದ್ದವರ ದಾರಿ ಬೇರೆ ಎಂಬುದನ್ನೂ ಜೊತೆಗೇ ಹೇಳಿ. ಇಲ್ಲದಿದ್ದರೆ "ಹಾಗಾದರೆ ಮನೆ ಬಿಟ್ಟು ಹೋಗ್ತೀಯಾ" ಎಂಬ ಭಯ ಶುರುವಾಗುತ್ತದೆ.

ಹಾರ್ಮೋನು_ವೈದ್ಯ:
ಔಷಧಿಯ ಭಾಗ ನಾನು ಬರೆಯುತ್ತೇನೆ. ಇದನ್ನು ಓದಿ ಯಾರೂ ತಾವೇ ಶುರುಮಾಡಬಾರದು. ವೈದ್ಯರ ಮುಂದೆ ಕೂತಾಗ ಸರಿಯಾದ ಪ್ರಶ್ನೆ ಕೇಳಲು ಇದು ಇರಲಿ.

ಅರವತ್ತರಲ್ಲಿ ಹಾರ್ಮೋನು ಶುರುಮಾಡಬಹುದು, ವಯಸ್ಸೇ ಅಡ್ಡಿಯಲ್ಲ. ಅಡ್ಡಿಯಾಗುವುದು ಹಿಂದೆ ಆಗಿರುವ ರಕ್ತ ಹೆಪ್ಪು, ಪಾರ್ಶ್ವವಾಯು, ಹೃದಯಾಘಾತ, ಹಿಡಿತಕ್ಕೆ ಸಿಗದ ಸಕ್ಕರೆ, ಬೀಡಿ ಸಿಗರೇಟು. ಶುರುವಿಗೆ ಮುಂಚೆ ಬಿಪಿ, ಮೂರು ತಿಂಗಳ ಸಕ್ಕರೆ ಸರಾಸರಿ, ಕೊಬ್ಬು, ಯಕೃತ್ತು, ಕ್ರಿಯಾಟಿನಿನ್, ಪೊಟ್ಯಾಸಿಯಂ, ಪ್ರೊಲ್ಯಾಕ್ಟಿನ್, ಪಿಎಸ್ಎ (ಪ್ರಾಸ್ಟೇಟಿನ ರಕ್ತಪರೀಕ್ಷೆ), ಇಸಿಜಿ ಇಷ್ಟೂ ಆಗಿರಬೇಕು.

ಈ ವಯಸ್ಸಿನಲ್ಲಿ ಹೆಣ್ಣು ಹಾರ್ಮೋನಾದ ಎಸ್ಟ್ರೊಜನ್ ಅನ್ನು ಚರ್ಮದ ಮೂಲಕ ಕೊಡುವುದು ಮಾತ್ರೆಗಿಂತ ಒಳ್ಳೆಯದು. ಮಾತ್ರೆ ಮೊದಲು ಯಕೃತ್ತಿಗೆ ಹೋಗಿ, ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸುತ್ತದೆ. ಚರ್ಮದಿಂದ ಹೋದದ್ದು ಆ ದಾರಿ ತಪ್ಪಿಸುತ್ತದೆ. ಎಸ್ಟ್ರೊಜನ್ನಿನ ಒಂದು ರೂಪವಾದ ಶೇ 0.06ರ ಎಸ್ಟ್ರಡಯಾಲ್ ಜೆಲ್‌ನ ಒಂದು ಒತ್ತಿಗೆ 1.25 ಗ್ರಾಂ ಬರುತ್ತದೆ, ಅದರಲ್ಲಿ 0.75 ಮಿ.ಗ್ರಾಂ ಔಷಧಿ. ಒಣ ತೋಳಿಗೋ ತೊಡೆಗೋ ಹಚ್ಚಿ, ಪೂರ್ತಿ ಆರಲು ಬಿಟ್ಟು, ಕೈಯನ್ನು ಸೋಪು ಹಾಕಿ ತೊಳೆಯಬೇಕು. ಎದೆಗೆ ಹಚ್ಚಬಾರದು. ಮೊಮ್ಮಕ್ಕಳನ್ನು ಎತ್ತಿಕೊಳ್ಳುವವರು ಹಚ್ಚಿದ ಜಾಗವನ್ನು ಬಟ್ಟೆಯಿಂದ ಮುಚ್ಚಲೇಬೇಕು. ಚರ್ಮದಿಂದ ಚರ್ಮಕ್ಕೆ ಔಷಧಿ ದಾಟಿ ಮಕ್ಕಳಿಗೆ ತೊಂದರೆ ಆಗುತ್ತದೆ.

ಮಾತ್ರೆಯೇ ಆದರೆ ಎಂಡೊಕ್ರೈನ್ ಸೊಸೈಟಿಯ 2017ರ ಮಾರ್ಗಸೂಚಿಯಲ್ಲಿ ಎಸ್ಟ್ರಡಯಾಲ್ ದಿನಕ್ಕೆ 2ರಿಂದ 6 ಮಿ.ಗ್ರಾಂ ಎಂದಿದೆ. ಹಿರಿಯರಿಗೆ ಕೆಳಗಿನ ತುದಿಯಿಂದ ಶುರು. ಗುರಿ: ರಕ್ತದಲ್ಲಿ ಎಸ್ಟ್ರಡಯಾಲ್ ಒಂದು ಮಿಲಿಲೀಟರಿಗೆ 100ರಿಂದ 200 ಪಿಕೊಗ್ರಾಂ, ಗಂಡು ಹಾರ್ಮೋನಾದ ಟೆಸ್ಟೊಸ್ಟಿರೋನ್ ಒಂದು ಡೆಸಿಲೀಟರಿಗೆ 50 ನ್ಯಾನೊಗ್ರಾಂಗಿಂತ ಕೆಳಗೆ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ಪರೀಕ್ಷೆ, ಆಮೇಲೆ ವರ್ಷಕ್ಕೆ ಒಂದೆರಡು ಸಲ.

ದೊಡ್ಡ ಅಪಾಯ ಮೆಡಿಕಲ್ ಶಾಪಿನಿಂದ ಸುಲಭಕ್ಕೆ ಸಿಗುವ ಗರ್ಭನಿರೋಧಕ ಮಾತ್ರೆ. ಮಾಲಾ-ಡಿಯಂಥ ಮಾತ್ರೆಯಲ್ಲಿರುವುದು ಎಥಿನೈಲ್ ಎಸ್ಟ್ರಡಯಾಲ್. ಹೆಸರು ಹತ್ತಿರದ್ದು, ಗುಣ ಬೇರೆ. ರಕ್ತ ಹೆಪ್ಪುಗಟ್ಟಿಸುವುದರಲ್ಲಿ ಬಹಳ ಮುಂದು. "ಬೇಗ ಫಲ ಬರಲಿ" ಎಂದು ದಿನಕ್ಕೆ ಮೂರು ನಾಲ್ಕು ನುಂಗುವವರಿದ್ದಾರೆ. ದಯವಿಟ್ಟು ಬೇಡ. ಒಂದೇ ಕಾಲು ಊದಿಕೊಂಡು ಮೀನಖಂಡ ನೋಯುವುದು, ಹಠಾತ್ ಏದುಸಿರು, ಎದೆನೋವು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಮಡಿಕೇರಿಯ ಜಿಲ್ಲಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಎಸ್ಟ್ರೊಜನ್ ತೆಗೆದುಕೊಳ್ಳುತ್ತಿದ್ದೇನೆ ಎಂದು ಮೊದಲ ವಾಕ್ಯದಲ್ಲೇ ಹೇಳಿ. ಗುಟ್ಟು ಬಯಲಾಗುತ್ತದೆಂದು ಅದನ್ನು ಮುಚ್ಚಿಟ್ಟರೆ ವೈದ್ಯರು ಬೇರೆ ಕಾಯಿಲೆ ಹುಡುಕುತ್ತ ಹೊತ್ತು ಕಳೆಯುತ್ತಾರೆ.

ಕೆರೆಏರಿ, ಸೋಮವಾರಪೇಟೆ:
ಡಾಕ್ಟ್ರೇ, ಬಿಪಿಗೆ ಟೆಲ್ಮಿಸಾರ್ಟಾನ್ ತಗೊಳ್ಳೋರಿಗೆ ಸ್ಪಿರೊನೊಲ್ಯಾಕ್ಟೋನ್ ಕೊಡಬಾರದು ಅಂತಾರಲ್ಲ, ಹೌದಾ? ನಮ್ಮ ಕಡೆ ಅರವತ್ತಾದವರಲ್ಲಿ ಅರ್ಧ ಜನ ಆ ಮಾತ್ರೆ ಮೇಲೇ ಇದ್ದಾರೆ.

ಹಾರ್ಮೋನು_ವೈದ್ಯ:
ಕೊಡಲೇಬಾರದು ಅಂತಿಲ್ಲ, ಆದರೆ ಕಣ್ಣು ಮುಚ್ಚಿ ಕೊಡುವಂತಿಲ್ಲ. ಗಂಡು ಹಾರ್ಮೋನು ತಡೆಯಲು ಸ್ಪಿರೊನೊಲ್ಯಾಕ್ಟೋನ್ ದಿನಕ್ಕೆ 100ರಿಂದ 300 ಮಿ.ಗ್ರಾಂ ಎಂದು ಮಾರ್ಗಸೂಚಿ. ಅದು ಪೊಟ್ಯಾಸಿಯಂ ಅನ್ನು ದೇಹದಲ್ಲೇ ಉಳಿಸುತ್ತದೆ. ಟೆಲ್ಮಿಸಾರ್ಟಾನ್, ರಾಮಿಪ್ರಿಲ್ ಕೂಡ ಅದನ್ನೇ ಮಾಡುತ್ತವೆ. ಎರಡೂ ಸೇರಿ, ಮೂತ್ರಪಿಂಡ ಸ್ವಲ್ಪ ದುರ್ಬಲವೂ ಆಗಿದ್ದರೆ ಹೃದಯದ ಬಡಿತವೇ ಏರುಪೇರಾಗಬಹುದು. ಅಂಥವರಿಗೆ 25 ಮಿ.ಗ್ರಾಂನಿಂದ ಶುರುಮಾಡಿ, ವಾರದೊಳಗೆ ಒಮ್ಮೆ, ತಿಂಗಳಿಗೆ ಒಮ್ಮೆ, ಪ್ರಮಾಣ ಬದಲಾದಾಗಲೆಲ್ಲ ಪೊಟ್ಯಾಸಿಯಂ ನೋಡಬೇಕು. ಇಲ್ಲವೇ ಬಿಪಿಯ ಮಾತ್ರೆಯನ್ನೇ ಬದಲಾಯಿಸಬೇಕು. "ಕಡಿಮೆ ಸೋಡಿಯಂ ಉಪ್ಪು" ಎಂದು ಮಾರುವುದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಅದನ್ನು ಬಿಡಿ. ಪ್ರಾಸ್ಟೇಟಿಗೆ ಟ್ಯಾಮ್ಸುಲೊಸಿನ್ ತೆಗೆದುಕೊಳ್ಳುವವರಿಗೆ ರಾತ್ರಿ ಎದ್ದಾಗ ತಲೆ ಸುತ್ತಿ ಬೀಳುವ ಅಪಾಯ ಜಾಸ್ತಿ. ಹಾಸಿಗೆ ಅಂಚಿನಲ್ಲಿ ಒಂದು ನಿಮಿಷ ಕೂತು ಏಳಬೇಕು.

ಸೈಪ್ರೊಟೆರೋನ್ ಇನ್ನೊಂದು ದಾರಿ. ಹಿಂದೆ 50 ಮಿ.ಗ್ರಾಂ ಕೊಡುತ್ತಿದ್ದರು, 10 ಸಾಕು ಎಂಬುದು ಈಗಿನ ತಿಳಿವಳಿಕೆ. ಹೆಚ್ಚು ಪ್ರಮಾಣದಲ್ಲಿ ವರ್ಷಗಟ್ಟಲೆ ತೆಗೆದುಕೊಂಡರೆ ಮಿದುಳಿನ ಹೊದಿಕೆಯಲ್ಲಿ ಮೆನಿಂಜಿಯೋಮ ಗೆಡ್ಡೆಯ ಅಪಾಯ ಏರುತ್ತದೆ. ವೃಷಣ ತೆಗೆಸುವ ಶಸ್ತ್ರಚಿಕಿತ್ಸೆ ಹಿರಿಯರಿಗೆ ಯೋಚಿಸತಕ್ಕದ್ದು: ಚಿಕ್ಕದು, ಬೇಗ ಚೇತರಿಕೆ, ಆಮೇಲೆ ತಡೆಯುವ ಮಾತ್ರೆಯೇ ಬೇಡ. ಆಸ್ಪತ್ರೆಯಲ್ಲಿ, ಅರಿವಳಿಕೆ ತಜ್ಞರಿರುವ ಕಡೆ ಮಾತ್ರ. ಗುಟ್ಟಾಗಿ ಮಾಡಿಕೊಡುವವರ ಕೈಗೆ ಸಿಕ್ಕರೆ ರಕ್ತಸ್ರಾವ, ಸೋಂಕು, ಮೂತ್ರನಾಳ ಕಿರಿದಾಗುವುದು ಎಲ್ಲವೂ ಕಾದಿರುತ್ತವೆ.

ಏನಾಗುತ್ತದೆ, ಏನಾಗುವುದಿಲ್ಲ: ಎದೆ ಮೂರರಿಂದ ಆರು ತಿಂಗಳಿಗೆ ಮೊಗ್ಗೊಡೆಯುತ್ತದೆ, ಬೆಳವಣಿಗೆ ಎರಡು ಮೂರು ವರ್ಷಕ್ಕೆ ನಿಲ್ಲುತ್ತದೆ. ಚರ್ಮ ಮೆದುವಾಗುತ್ತದೆ. ಬೋಳಾದ ನೆತ್ತಿಯಲ್ಲಿ ಕೂದಲು ಮತ್ತೆ ತುಂಬುವುದಿಲ್ಲ. ಧ್ವನಿ ಬದಲಾಗುವುದಿಲ್ಲ. ಪ್ರಾಸ್ಟೇಟ್ ಇದ್ದೇ ಇರುತ್ತದೆ, ಆದ್ದರಿಂದ ಪಿಎಸ್ಎ ಪರೀಕ್ಷೆ ಬಿಡಬೇಡಿ. ಹಾರ್ಮೋನಿನಿಂದ ಅದರ ಅಂಕಿ ಇಳಿದಿರುತ್ತದೆ, ಹಾಗಾಗಿ 4ರ ಬದಲು 1ನ್ನೇ ಮೇಲಿನ ಗಡಿ ಎಂದು ನೋಡಬೇಕು. ಪ್ರಯೋಗಾಲಯದ ಚೀಟಿಯಲ್ಲಿ "ಸಹಜ" ಎಂದು ಅಚ್ಚಾಗಿದ್ದರೂ ವೈದ್ಯರಿಗೆ ತೋರಿಸಿ.

ಮಳೆಗಾಲದ ಮಾತು: ಜುಲೈ ಆಗಸ್ಟ್‌ನಲ್ಲಿ ಘಟ್ಟದ ರಸ್ತೆ ಯಾವಾಗ ಮುಚ್ಚುತ್ತದೋ ಹೇಳಲಾಗದು. ಜೂನ್ ಮೊದಲ ವಾರದಲ್ಲೇ ಎರಡು ತಿಂಗಳ ಔಷಧಿ ತಂದಿಡಿ.

ದಾರಮಣಿ:
ಮುಖದ ಕೂದಲಿನ ಬಗ್ಗೆ ಸೇರಿಸುತ್ತೇನೆ, ಯಾಕೆಂದರೆ ಇದರಲ್ಲಿ ಹಿರಿಯರು ಸುಮ್ಮನೆ ದುಡ್ಡು ಕಳೆದುಕೊಳ್ಳುತ್ತಿದ್ದಾರೆ. ಲೇಸರ್ ಕೆಲಸ ಮಾಡುವುದು ಕೂದಲಿನ ಕಪ್ಪು ಬಣ್ಣದ ಮೇಲೆ. ಬಿಳಿ ಗಡ್ಡಕ್ಕೆ ಹತ್ತು ಸಲ ಹೊಡೆಸಿದರೂ ಏನೂ ಆಗದು. ಬಿಳಿ ಕೂದಲಿಗೆ ಎಲೆಕ್ಟ್ರಾಲಿಸಿಸ್ ಒಂದೇ, ಪ್ರತಿ ಕೂದಲಿನ ಬುಡಕ್ಕೆ ಸೂಜಿ ಇಳಿಸುವುದು. ಪೂರ್ತಿ ಮುಖಕ್ಕೆ ವರ್ಷ ಎರಡು ವರ್ಷ ಹಿಡಿಯುತ್ತದೆ. ಹೋಗುವ ಮೊದಲು ಎರಡು ಮೂರು ದಿನ ಕ್ಷೌರ ನಿಲ್ಲಿಸಬೇಕು, ಚಿಮಟ ಹಿಡಿಯುವಷ್ಟು ಕೂದಲು ಬೇಕು. ರಕ್ತ ತೆಳುಮಾಡುವ ಮಾತ್ರೆ ಇದ್ದರೆ, ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿ. ಸಮಾಧಾನದ ವಿಷಯ ಒಂದಿದೆ: ಬಿಳಿ ಗಡ್ಡಕ್ಕೆ ಕ್ಷೌರದ ನಂತರ ನೀಲಿ ನೆರಳು ಉಳಿಯುವುದಿಲ್ಲ. ಚೆನ್ನಾಗಿ ಬೋಳಿಸಿ ತೆಳುವಾಗಿ ಕ್ರೀಮು ಹಚ್ಚಿದರೆ ಬಹಳ ಸಲ ಅಷ್ಟೇ ಸಾಕು.

ಉಡುಗೆಯಲ್ಲಿ ಮೊದಲಿಗೆ ನೈಟಿ. ಅಳತೆ ಬೇಡ, ಮನೆಯೊಳಗೆ ಯಾರೂ ಎರಡನೇ ಸಲ ನೋಡುವುದಿಲ್ಲ. ವಿಗ್ ಹಾಕುವವರು ಒಳಗೆ ಹತ್ತಿಯ ಟೋಪಿ ಹಾಕಿಕೊಳ್ಳಿ. ಸಿಂಥೆಟಿಕ್ ವಿಗ್ ಹಾಕಿಕೊಂಡು ಒಲೆಯ ಮುಂದೆ ಬಗ್ಗಬೇಡಿ, ಬಿಸಿಗೆ ಎಳೆಗಳು ಸುರುಟಿಕೊಳ್ಳುತ್ತವೆ.

ಸ್ವರಸಾಧನೆ, ಮೈಸೂರು:
ಧ್ವನಿಗೆ ಕೊಡಗಿನವರಿಗೆ ಹತ್ತಿರದ ಒಳ್ಳೆಯ ಜಾಗ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಅಂದರೆ ಆಯಿಷ್. ಗಂಡಿನ ಧ್ವನಿ ಸಾಮಾನ್ಯವಾಗಿ 100ರಿಂದ 130 ಹರ್ಟ್ಸ್, ಹೆಣ್ಣಿನದು 180ರಿಂದ 220. ಆದರೆ ಮುಟ್ಟು ನಿಂತ ಮೇಲೆ ಹೆಣ್ಣಿನ ಧ್ವನಿಯೂ ಕೆಳಗಿಳಿಯುತ್ತದೆ. ಅರವತ್ತರ ಹೆಂಗಸು ಇಪ್ಪತ್ತರವಳಂತೆ ಮಾತನಾಡುವುದಿಲ್ಲವಲ್ಲ. ಆದ್ದರಿಂದ ಎತ್ತರಿಸುವುದಕ್ಕಿಂತ ಧ್ವನಿಯನ್ನು ಎದೆಯಿಂದ ಬಾಯಿಯ ಮುಂಭಾಗಕ್ಕೆ ತರುವುದು ಮುಖ್ಯ. ಅರ್ಧ ಲೋಟ ನೀರಿಗೆ ಸ್ಟ್ರಾ ಇಟ್ಟು ಗುಳ್ಳೆ ಬರುವಂತೆ ಮೃದುವಾಗಿ "ಊ" ಎನ್ನುತ್ತ ಊದುವುದು, ಒಂದು ಸಲಕ್ಕೆ ಎರಡು ಮೂರು ನಿಮಿಷ, ದಿನಕ್ಕೆ ನಾಲ್ಕೈದು ಸಲ. ಗಂಟಲು ಹಿಂಡಿ ಕೀರಲು ಧ್ವನಿ ಮಾಡಿದರೆ ವಾರದಲ್ಲಿ ಗೊಗ್ಗರು ಕಟ್ಟುತ್ತದೆ. ಗೊಗ್ಗರು ಮೂರು ವಾರ ಮೀರಿದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ.

ಕಡತಕಟ್ಟು, ವಕೀಲರ ಕಚೇರಿ:
ಕಾಗದಪತ್ರಕ್ಕೆ ಬರುತ್ತೇನೆ. ಪಿಂಚಣಿ ಇರುವವರು ಅತಿ ಹೆಚ್ಚು ಎಡವುವುದು ಇಲ್ಲಿ, ಕಾರಣ ಆತುರ.

2019ರ ಲಿಂಗತ್ವ ಅಲ್ಪಸಂಖ್ಯಾತರ (ಹಕ್ಕುಗಳ ರಕ್ಷಣೆ) ಕಾಯ್ದೆ, ಅದರ 2020ರ ನಿಯಮಗಳಡಿ ಗುರುತಿನ ಪ್ರಮಾಣಪತ್ರ ಕೊಡುವವರು ಜಿಲ್ಲಾಧಿಕಾರಿ. ರಾಷ್ಟ್ರೀಯ ಪೋರ್ಟಲ್‌ನಲ್ಲಿ ಅರ್ಜಿ, ಜೊತೆಗೆ ನಮೂನೆಯಂತೆ ಅಫಿಡವಿಟ್, ಭಾವಚಿತ್ರ, ವಿಳಾಸದ ದಾಖಲೆ. ಜಿಲ್ಲೆಯಲ್ಲಿ ಹಿಂದಿನ ಒಂದು ವರ್ಷ ಸತತವಾಗಿ ವಾಸವಿರಬೇಕು. 2020ರಲ್ಲಿ ಬಂದಾಗ ಆ ನಿಯಮಗಳ ಪ್ರಕಾರ ಅಫಿಡವಿಟ್ಟೇ ಆಧಾರವಾಗಿತ್ತು, ದೈಹಿಕ ತಪಾಸಣೆ ಇರಲಿಲ್ಲ, 30 ದಿನದ ಅವಧಿ ಇತ್ತು. "ಆಪರೇಷನ್ ಸರ್ಟಿಫಿಕೇಟ್ ತನ್ನಿ" ಎಂದು ಕೌಂಟರಿನಲ್ಲಿ ಹೇಳಿದರೆ ಆಗ ಜಾರಿಯಲ್ಲಿರುವ ನಿಯಮ ಹಾಗೆ ಹೇಳುತ್ತದೆಯೇ ಎಂದು ನೋಡಿಕೊಂಡು, ಬೇಡಿಕೆಯನ್ನು ಬರಹದಲ್ಲಿ ಕೊಡಿ ಎನ್ನಿ. ತಿರಸ್ಕಾರವಾದರೆ 90 ದಿನದೊಳಗೆ ಮೇಲ್ಮನವಿ. ಕಾಯ್ದೆ, ನಿಯಮ ತಿದ್ದುಪಡಿ ಆಗುತ್ತಿರುತ್ತವೆ, ಆದ್ದರಿಂದ ಅರ್ಜಿ ಹಾಕುವ ದಿನ ಪೋರ್ಟಲ್‌ನಲ್ಲಿ ಇರುವ ನಮೂನೆಯನ್ನೇ ಬಳಸಿ, ಹಳೆಯ ಪಿಡಿಎಫ್ ನಂಬಬೇಡಿ.

ಮೊಬೈಲ್ ಸಂಖ್ಯೆ, ಇಮೇಲ್ ನಿಮ್ಮೊಬ್ಬರ ಕೈಯಲ್ಲೇ ಇರುವಂಥದ್ದು ಕೊಡಿ. ಮೊಮ್ಮಗ ಆಟವಾಡುವ ಫೋನಿಗೆ ಒಟಿಪಿ ಬಂದು ಮನೆಯಲ್ಲಿ ಮಾತು ಹೊರಬೀಳುವುದು ಸಿನಿಮಾದಲ್ಲಿ ಮಾತ್ರ ನಡೆಯುವುದಲ್ಲ.

ಅರ್ಜಿಗೆ ಮುಂಚೆ ಹೆಸರಿನ ಅಕ್ಷರ ನಿರ್ಧರಿಸಿ. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡೇ ಸಲ, ಲಿಂಗವನ್ನು ಒಂದೇ ಸಲ ಬದಲಿಸಲು ಅವಕಾಶ. ಮನೆಹೆಸರನ್ನು ಹಾಗೇ ಉಳಿಸಿಕೊಂಡು ಕೊಟ್ಟ ಹೆಸರನ್ನು ಮಾತ್ರ ಬದಲಿಸಿದರೆ ಪಹಣಿಯಿಂದ ಬ್ಯಾಂಕಿನವರೆಗೆ "ಇವರೇ ಅವರು" ಎಂದು ತೋರಿಸುವುದು ಸುಲಭ. ಹಳೆಯ ಮತ್ತು ಹೊಸ ಹೆಸರು ಒಬ್ಬರದೇ ಎಂಬ ಅಫಿಡವಿಟ್ಟನ್ನು ನೋಟರಿ ಮಾಡಿಸಿ ಐದಾರು ಮೂಲಪ್ರತಿ ಇಟ್ಟುಕೊಳ್ಳಿ. ಹಳೆಯ ಕಾರ್ಡುಗಳನ್ನು ಯಾವ ಸಿಟ್ಟಿನಲ್ಲೂ ಹರಿಯಬೇಡಿ.

ಈಗ ಕಾಲದ ಲೆಕ್ಕ. ನವೆಂಬರ್‌ನಲ್ಲಿ ಜೀವನ ಪ್ರಮಾಣಪತ್ರ ಕೊಡಬೇಕು. ಆಧಾರ್‌ನಲ್ಲಿ ಹೊಸ ಹೆಸರು, ಪಿಂಚಣಿ ಆದೇಶದಲ್ಲಿ ಹಳೆಯ ಹೆಸರು ಇದ್ದಾಗ ಡಿಜಿಟಲ್ ಪ್ರಮಾಣಪತ್ರ ತಿರಸ್ಕಾರವಾಗಿ ಪಿಂಚಣಿ ನಿಲ್ಲಬಹುದು. ಆದ್ದರಿಂದ ಒಂದು ನವೆಂಬರ್‌ನ ಪ್ರಮಾಣಪತ್ರ ಹಳೆಯ ಹೆಸರಿನಲ್ಲೇ ಮುಗಿಸಿ. ಡಿಸೆಂಬರ್‌ನಿಂದ ಶುರುಮಾಡಿ: ಗುರುತಿನ ಪ್ರಮಾಣಪತ್ರ, ಆಧಾರ್, ಪ್ಯಾನ್, ಬ್ಯಾಂಕು, ಆಮೇಲೆ ಪಿಂಚಣಿ. ಮುಂದಿನ ಅಕ್ಟೋಬರ್‌ನೊಳಗೆ ಎಲ್ಲ ತಾಳೆಯಾಗಬೇಕು. ಬ್ಯಾಂಕಿನಲ್ಲಿ ಅದೇ ಖಾತೆ ಸಂಖ್ಯೆಗೆ ಹೆಸರು ಬದಲಿಸಿ, ಹೊಸ ಖಾತೆ ತೆರೆಯಬೇಡಿ. ಸೇನೆಯಿಂದ ನಿವೃತ್ತರಾದವರು ಸೇನಾ ಪಿಂಚಣಿಯ ಸ್ಪರ್ಶ್ ಪೋರ್ಟಲ್ ಜೊತೆಗೆ ತಮ್ಮ ರೆಕಾರ್ಡ್ ಆಫೀಸಿಗೂ ಬರೆಯಬೇಕು, ಅಲ್ಲಿಂದ ತಿದ್ದುಪಡಿ ಬರುವವರೆಗೆ ಇಸಿಎಚ್ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡನ್ನು ಮುಟ್ಟಬೇಡಿ. ಹೆಂಡತಿಯ ಕುಟುಂಬ ಪಿಂಚಣಿಯ ನಮೂದನ್ನು ಯಾರೇ ಹೇಳಿದರೂ ತೆಗೆಸಬೇಡಿ. ಗುರುತಿನ ಪ್ರಮಾಣಪತ್ರ ಬಂದ ಮಾತ್ರಕ್ಕೆ ಮದುವೆ ತಾನಾಗಿ ರದ್ದಾಗುತ್ತದೆ ಎಂದು 2019ರ ಕಾಯ್ದೆ ಎಲ್ಲಿಯೂ ಹೇಳಿಲ್ಲ.

ತೋಟ ಇದ್ದವರು ಪಹಣಿ, ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ), ಸಹಕಾರ ಸಂಘದ ಬೆಳೆಸಾಲ ಮೂರನ್ನೂ ಒಟ್ಟಿಗೆ ಹಿಡಿಯಬೇಕು. ಫ್ರೂಟ್ಸ್ ಆಧಾರ್‌ಗೆ ಜೋಡಣೆಯಾಗಿರುವುದರಿಂದ ಒಂದು ಬದಲಾಗಿ ಇನ್ನೊಂದು ಉಳಿದರೆ ಪರಿಹಾರದ ಹಣ ಮಧ್ಯದಲ್ಲಿ ಸಿಕ್ಕಿಕೊಳ್ಳುತ್ತದೆ. ಸಾಲ ನವೀಕರಣದ ತಿಂಗಳಲ್ಲಿ ಮಾಡಬೇಡಿ.

ಕೆರೆಏರಿ, ಸೋಮವಾರಪೇಟೆ:
ಮಕ್ಕಳು "ಮೊದಲು ಆಸ್ತಿ ನಮ್ಮ ಹೆಸರಿಗೆ ಬರೆದು ಆಮೇಲೆ ಏನಾದ್ರೂ ಮಾಡ್ಕೊಳ್ಳಿ" ಅಂದರೆ?

ಕಡತಕಟ್ಟು, ವಕೀಲರ ಕಚೇರಿ:
ಸಹಿ ಹಾಕಬೇಡಿ. ಹೇಳಿಕೊಂಡ ಮೊದಲ ವರ್ಷ ಯಾವ ದಾನಪತ್ರವೂ ಬೇಡ, ಅಪರಾಧಿ ಭಾವದಲ್ಲಿ ಬರೆದುಕೊಟ್ಟದ್ದನ್ನು ವಾಪಸು ಪಡೆಯುವುದು ಕಷ್ಟ. ಬರೆಯಲೇಬೇಕಾದರೆ "ನೋಡಿಕೊಳ್ಳಬೇಕು" ಎಂಬ ಷರತ್ತು ಪತ್ರದಲ್ಲೇ ಇರಲಿ. ಹಾಗಿದ್ದರೆ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಅಡಿ ಅದನ್ನು ರದ್ದುಮಾಡಿಸಲು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಹೋಗಬಹುದು. ಮನೆಯಿಂದಲೋ ಊರಿನಿಂದಲೋ ಹೊರಹಾಕುವುದು 2019ರ ಕಾಯ್ದೆಯ 18ನೇ ಕಲಂ ಪ್ರಕಾರ ಅಪರಾಧ. ಉಚಿತ ಕಾನೂನು ನೆರವಿಗೆ 15100.

ಇನ್ನೊಂದು ಕಾಗದವನ್ನು ಬಹಳ ಜನ ಮರೆಯುತ್ತಾರೆ. "ತಲೆ ಕೆಟ್ಟಿದೆ" ಎಂದು ಆಸ್ಪತ್ರೆಗೆ ಸೇರಿಸುವ ಬೆದರಿಕೆ ಬರಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ಮುಂಗಡ ನಿರ್ದೇಶನ ಬರೆದು, ನಿಮ್ಮ ಪರವಾಗಿ ಮಾತನಾಡುವ ಪ್ರತಿನಿಧಿಯನ್ನು ನೀವೇ ಹೆಸರಿಸಿಡಬಹುದು. ಮಗನೇ ಆಗಬೇಕೆಂದಿಲ್ಲ, ನಂಬಿಕೆಯ ತಂಗಿಯೋ ಗೆಳತಿಯೋ ಆಗಬಹುದು.

ಮಾತುಜಗಲಿ, ಆಪ್ತಸಮಾಲೋಚಕಿ:
ಹೆಂಡತಿಗೆ ಹೇಳುವುದರ ಬಗ್ಗೆ. ಹಾರ್ಮೋನಿಗೆ ಮುಂಚೆ, ಅರ್ಜಿಗೆ ಮುಂಚೆ, ಮಕ್ಕಳಿಗೆ ಮುಂಚೆ ಅವರಿಗೆ ಹೇಳಬೇಕು. ಎದೆ ಬೆಳೆದು ಅವರೇ ಕಂಡುಹಿಡಿಯುವ ಹಾಗೆ ಆದರೆ ಮೋಸದ ನೋವು ಎಲ್ಲಕ್ಕಿಂತ ದೊಡ್ಡದಾಗುತ್ತದೆ. ಹಗಲು ಹೊತ್ತು, ಕುಡಿಯದೆ, ಕೆಲಸದವರು ಇಲ್ಲದ ದಿನ. ಬಾಯಲ್ಲಿ ಬಾರದಿದ್ದರೆ ಪತ್ರ ಬರೆದು ಪಕ್ಕದಲ್ಲೇ ಕೂತಿರಿ. ಹೀಗೆ ಬರೆಯಬಹುದು: "ಚಿಕ್ಕಂದಿನಿಂದ ನನ್ನೊಳಗೆ ನಾನು ಹೆಣ್ಣು ಅನ್ನುವುದು ಇದೆ. ಹೋಗುತ್ತದೆ ಎಂದುಕೊಂಡೇ ಮದುವೆಯಾದೆ, ಹೋಗಲಿಲ್ಲ. ನಿನ್ನಿಂದ ಏನೂ ಕಡಿಮೆಯಾಗಿ ಹೀಗಾದದ್ದಲ್ಲ. ಮನೆ ಬಿಟ್ಟು ಹೋಗುತ್ತಿಲ್ಲ. ಇವತ್ತೇ ಏನೂ ಬದಲಾಗುವುದಿಲ್ಲ. ನೀನು ಏನು ಕೇಳಿದರೂ ನಿಜ ಹೇಳುತ್ತೇನೆ." ಇಷ್ಟೇ. ಹೊಸ ಹೆಸರು, ಶಸ್ತ್ರಚಿಕಿತ್ಸೆ, ಕಾಯ್ದೆ ಯಾವುದೂ ಆ ದಿನ ಬೇಡ.

ನೀವು ಐವತ್ತು ವರ್ಷ ಹೊತ್ತದ್ದನ್ನು ಅವರು ಒಂದು ಮಧ್ಯಾಹ್ನದಲ್ಲಿ ಹೊರಬೇಕಾಗಿದೆ. ಮಾತನಾಡಿಕೊಳ್ಳಲು ಅವರಿಗೂ ಒಬ್ಬರು ಬೇಕು. ಯಾರೆಂದು ಅವರೇ ಆರಿಸಲಿ, "ಯಾರಿಗೂ ಹೇಳಬೇಡ" ಎಂದು ಬಾಯಿ ಕಟ್ಟಬೇಡಿ. ಬೇರ್ಪಡಬೇಕು ಎಂದರೆ ಅದು ಅವರ ಹಕ್ಕು.

ಮನೆಯಲ್ಲಿ ಕೋವಿ ಇದ್ದರೆ, ಕೊಡಗಿನಲ್ಲಿ ಇರುವುದು ಸಾಮಾನ್ಯ, ಈ ಮಾತು ಆಡುವ ಮುಂಚೆ ಅದನ್ನೂ ತೋಟದ ಕೀಟನಾಶಕವನ್ನೂ ಮನೆಯಿಂದಾಚೆ, ಬೀಗದ ಜಾಗಕ್ಕೆ ಸಾಗಿಸಿ. ಕೋವಿಯ ವಿಷಯದಲ್ಲಿ ಕಾಯ್ದೆಯಂತೆ ಎಲ್ಲಿ ಇಡಬಹುದೆಂದು ಠಾಣೆಯಲ್ಲಿ ಕೇಳಿ. ಹೇಳುವವರಿಗೂ ಕೇಳುವವರಿಗೂ ಆ ಕೆಲವು ವಾರ ಕಠಿಣ. ಆ ಹೊತ್ತು ದಾಟಿದರೆ ತೀವ್ರತೆ ಇಳಿಯುತ್ತದೆ. ಟೆಲಿ ಮನಸ್ 14416 ಹಗಲೂ ರಾತ್ರಿ ಕನ್ನಡದಲ್ಲಿ ಸಿಗುತ್ತದೆ.

ಐನ್‌ಮನೆ_ಅಂಗಳ:
ಒಕ್ಕದ ವಿಷಯ. ಪಟ್ಟೆದಾರರಿಗೆ ಬೇರೆಯವರ ಬಾಯಿಂದ ತಲುಪುವ ಮೊದಲು ನೀವೇ ಮನೆಗೆ ಹೋಗಿ ಹೇಳಿ. ಕೈಲ್‌ಪೊಳ್ದ್ ಹಬ್ಬ, ಮದುವೆ ಮನೆ, ಕುಡಿತ ಇರುವ ಯಾವ ಕೂಟವೂ ಬೇಡ. ಸುಗ್ಗಿಯ ಹಬ್ಬ ಪುತ್ತರಿಗೆ ಒಂದೆರಡು ತಿಂಗಳ ಮುಂಚೆ ಹೇಳಿದರೆ ಯಾವ ಉಡುಗೆಯಲ್ಲಿ ಬರುವುದು, ಯಾರ ಜೊತೆ ನಿಲ್ಲುವುದು ಎಂದು ಮಾತಾಡಲು ಸಮಯ ಇರುತ್ತದೆ. ಮೊದಲ ವರ್ಷ ದೀಪಕ್ಕೆ ಕೈಮುಗಿದು ಊಟ ಮಾಡಿ ಬಂದರೂ ಅದು ಸಣ್ಣದಲ್ಲ. ಕೊನೆಯ ಉಡುಗೆ ಯಾವುದಿರಬೇಕು, ಯಾವ ಹೆಸರು ಕೂಗಬೇಕು ಎಂಬುದನ್ನೂ ಬರೆದು, ಇಬ್ಬರ ಸಾಕ್ಷಿ ಹಾಕಿಸಿ ನಂಬಿದವರ ಕೈಯಲ್ಲಿಡಿ. ಆ ದಿನ ವಾದ ಮಾಡಲು ನೀವು ಇರುವುದಿಲ್ಲ.

ಪದಪಂಕ್ತಿ:
ಕನ್ನಡ ಇಲ್ಲಿ ನಮ್ಮ ಕೈ ಹಿಡಿಯುತ್ತದೆ. "ನಾನು ಬಂದೆ" ಎನ್ನುವುದರಲ್ಲಿ ಗಂಡು ಹೆಣ್ಣಿಲ್ಲ, "ನೀವು ಬಂದಿರಿ" ಎನ್ನುವುದರಲ್ಲೂ ಇಲ್ಲ. ಬಹುವಚನದ "ಅವರು ಬಂದರು" ಕೂಡ ಹಾಗೆಯೇ. "ಬಂದಳು" ಎನ್ನಲು ನಾಲಿಗೆ ತೊಡರುವ ಅಳಿಯ ಸೊಸೆಯರು ಮೊದಲ ದಿನದಿಂದಲೇ "ಅವರು" ಎನ್ನಬಹುದು, ಗೌರವವೂ ಆಯಿತು. ಕಷ್ಟ ಇರುವುದು ಏಕವಚನದಲ್ಲಿ ಕರೆಯುವ ಅಣ್ಣಂದಿರಿಗೆ, ಓರಗೆಯ ಗೆಳೆಯರಿಗೆ. ಅವರ ತಪ್ಪನ್ನು ಜನರ ಮುಂದೆ ತಿದ್ದಬೇಡಿ, ಆಮೇಲೆ ಹೇಳಿ. ತಮ್ಮ ತಂಗಿಯರಿಗೆ "ಅಣ್ಣ" ಬಿಟ್ಟು "ಅಕ್ಕ" ಹಿಡಿಯಲು ಕೆಲವು ತಿಂಗಳು ಬೇಕು. ಮಕ್ಕಳು "ಅಪ್ಪ" ಎಂದೇ ಕರೆಯುತ್ತೇವೆ ಎಂದರೆ ಮನೆಯೊಳಗೆ ಹಾಗೇ ಇರಲಿ, ಅದು ಅವರ ನೆನಪಿನ ಪದ. ಹೊರಗೆ ಏನೆನ್ನಬೇಕು ಎಂಬುದನ್ನು ಮಾತ್ರ ಒಟ್ಟಿಗೆ ಕೂತು ತೀರ್ಮಾನಿಸಿ.

ಕಕ್ಕಡಮಳೆ, ಪೊನ್ನಂಪೇಟೆ:
ಪಿಂಚಣಿ, ಪಹಣಿ, ಐನ್‌ಮನೆ (ಒಕ್ಕದ ಮೂಲಮನೆ) ಎಲ್ಲ ಇದ್ದೋರ ಮಾತೇ ಆಯ್ತು. ಲೈನ್ ಮನೆಯಲ್ಲಿ ಇರೋ ತೋಟದ ಕೂಲಿಯವರಿಗೆ?

ಕಡತಕಟ್ಟು, ವಕೀಲರ ಕಚೇರಿ:
ನ್ಯಾಯವಾದ ಪ್ರಶ್ನೆ. ಅವರಿಗೆ ಮೊದಲ ಸಮಸ್ಯೆ ವಿಳಾಸ. ಲೈನ್ ಮನೆ ತೋಟದವರದ್ದು, ಕೆಲಸ ಹೋದರೆ ಮನೆಯೂ ಹೋಯಿತು. ಹಾಗಾಗಿ ತೋಟದ ರೈಟರಿಗೆ (ಮೇಲ್ವಿಚಾರಕರಿಗೆ), ಮಾಲೀಕರಿಗೆ ಹೇಳುವ ಮುಂಚೆಯೇ ಪಡಿತರ ಚೀಟಿ, ಮತದಾರರ ಚೀಟಿ ಈ ವಿಳಾಸದಲ್ಲಿ ಇರುವ ಹಾಗೆ ನೋಡಿಕೊಂಡು ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ಪ್ರಮಾಣಪತ್ರ ಬಂದರೆ 64 ವರ್ಷದವರೆಗೆ ಮೈತ್ರಿ ಯೋಜನೆಯ ಮಾಸಾಶನ, 65ರಿಂದ ಸಂಧ್ಯಾ ಸುರಕ್ಷಾ, ಎರಡಕ್ಕೂ ನಾಡಕಚೇರಿ. ಶಕ್ತಿ ಯೋಜನೆಯ ಉಚಿತ ಬಸ್ಸು ಲಿಂಗತ್ವ ಅಲ್ಪಸಂಖ್ಯಾತರಿಗೂ ಇದೆ, ಮೈಸೂರಿಗೆ ಚಿಕಿತ್ಸೆಗೆ ಓಡಾಡುವವರಿಗೆ ಅದು ದೊಡ್ಡ ಉಳಿತಾಯ. ಆಯುಷ್ಮಾನ್ ಭಾರತ್‌ನಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯ ಟಿಜಿ ಪ್ಲಸ್ ಎಂಬುದು 2022ರಲ್ಲಿ ಘೋಷಣೆಯಾಗಿದೆ. ಯಾವ ಆಸ್ಪತ್ರೆ ಅದನ್ನು ಒಪ್ಪುತ್ತದೆಂದು ಫೋನು ಮಾಡಿ ಖಚಿತಪಡಿಸಿಕೊಂಡೇ ಬಸ್ಸು ಹತ್ತಿ. ಲಿಂಗ ಗುರುತಿನ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ. ಹಾಜರಿ ಚೀಟಿ, ಕೂಲಿ ಪಾವತಿಯ ಚೀಟಿಗಳ ಫೋಟೋ ತೆಗೆದಿಟ್ಟುಕೊಳ್ಳಿ. ತಕರಾರು ಬಂದಾಗ ಅಲ್ಲಿ ದುಡಿದಿದ್ದಕ್ಕೆ ಅದೇ ಪುರಾವೆ.

ಬಾಣೆಬದಿ, ಮಡಿಕೇರಿ:
ಕೊನೆಗೊಂದು. ಆರು ವರ್ಷದ ಮೊಮ್ಮಗಳಿಗೆ ಏನು ಹೇಳುವುದು? ಸಂದೇಶಗಳಲ್ಲಿ ಹೆಚ್ಚು ಬರುವ ಪ್ರಶ್ನೆ ಇದೇ.

ಮಾತುಜಗಲಿ, ಆಪ್ತಸಮಾಲೋಚಕಿ:
ಎರಡು ವಾಕ್ಯ ಸಾಕು. "ತಾತನನ್ನು ಎಲ್ಲರೂ ಗಂಡು ಅಂದುಕೊಂಡಿದ್ದರು, ತಾತನಿಗೆ ಒಳಗೆ ಹೆಣ್ಣು ಅನ್ನಿಸುತ್ತಿತ್ತು. ಇನ್ನು ಮೇಲೆ ಹಾಗೇ ಇರುತ್ತಾರೆ." ಹೇಳಬೇಕಾದವರು ಮಗುವಿನ ತಾಯಿ ತಂದೆ, ನೀವು ಪಕ್ಕದಲ್ಲಿರಿ. ಆ ವಯಸ್ಸಿನ ಮಗು ಕೇಳುವುದು ಮೂರು: ನಾನು ಏನಂತ ಕರೀಲಿ, ಸ್ಕೂಲಲ್ಲಿ ಹೇಳಬಹುದಾ, ರಾತ್ರಿ ಕತೆ ಹೇಳ್ತೀರಾ. ಮೊದಲನೆಯದಕ್ಕೆ ಮಗುವೇ ಒಂದು ಹೆಸರು ಹುಡುಕಲಿ. ಎರಡನೆಯದಕ್ಕೆ "ಗುಟ್ಟು, ಹೇಳಬೇಡ" ಅನ್ನಬೇಡಿ, ಮಗು ಹೆದರುತ್ತದೆ. ಆ ವಾರದಲ್ಲೇ ಮಗುವಿನ ತಾಯಿ ಹೋಗಿ ಕ್ಲಾಸ್ ಟೀಚರ್ ಹತ್ತಿರ ಮಾತಾಡಿರಲಿ. ಮೂರನೆಯದಕ್ಕೆ ಹೌದು ಅನ್ನಿ, ಅವತ್ತು ರಾತ್ರಿ ಹೇಳಿ.